ಹಿಮಾಲಯದ ಚಾರಣಕ್ಕೆ ಸೀಮೆಎಣ್ಣೆ ಸ್ಟವ್: ಎಣ್ಣೆ ತುಂಬಿಸುವುದರಿಂದ ತೊಳೆದು ಕಟ್ಟುವವರೆಗೆ

ಲಡಾಖ್‌ನ ಸೋ ಕಾರ್‌ನಿಂದ ಸೋ ಮೊರಿರಿವರೆಗೆ, ಅಂದರೆ ಒಂದು ಸರೋವರದಿಂದ ಇನ್ನೊಂದಕ್ಕೆ, ನಡೆಯುವ ದಾರಿ ಪೂರ್ತಿ 4,500 ಮೀಟರ್ ಆಸುಪಾಸಿನಲ್ಲೋ ಅದಕ್ಕಿಂತ ಮೇಲೋ ಇರುತ್ತದೆ. ಮರ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಅಲ್ಲಿನ ಚಾಂಗ್ಪಾ ಕುರಿಗಾಹಿಗಳು ಒಲೆಗೆ ಒಣಗಿದ ಸಗಣಿ ಬಳಸುತ್ತಾರೆ. ಅದು ಅವರ ಚಳಿಗಾಲದ ಸಂಗ್ರಹ, ನಾವು ಕೈ ಹಾಕುವಂಥದ್ದಲ್ಲ. ಹಿಮಾಚಲ, ಉತ್ತರಾಖಂಡಗಳ ಮೇಲ್ಭಾಗದಲ್ಲಿ ಅಲ್ಲಲ್ಲಿ ಭೂರ್ಜ, ಜುನಿಪರ್ ಗಿಡಗಳು ಸಿಗುತ್ತವೆ. ಅವು ಬೆಳೆಯುವುದು ತುಂಬಾ ನಿಧಾನ. ಒಂದು ರಾತ್ರಿಯ ಅನ್ನಕ್ಕಾಗಿ ಅವುಗಳ ಕೊಂಬೆ ಮುರಿಯಲು ಯಾರಿಗೂ ಮನಸ್ಸು ಬರಬಾರದು. ಹಾಗಾಗಿ ಕಂಪನಿಯವರ ಅಡುಗೆ ತಂಡವಿಲ್ಲದೆ ಇಬ್ಬರೋ ಮೂವರೋ ಸ್ವಂತವಾಗಿ ಟೆಂಟ್ ಹೊತ್ತು ಹೊರಟಾಗ, ಬೆಳಗಿನ ಕಾಫಿಯಿಂದ ರಾತ್ರಿಯ ಊಟದವರೆಗೆ ಎಲ್ಲವೂ ಸ್ಟವ್ ಮೇಲೇ ನಿಂತಿರುತ್ತದೆ.

ಗ್ಯಾಸ್ ಕ್ಯಾನಿಸ್ಟರ್ ಸುಲಭ, ನಿಜ. ತಿರುಗಿಸಿ ಹಚ್ಚಿದರೆ ಆಯಿತು. ಆದರೆ ಅದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಮನಾಲಿ, ಲೇಹ್‌ನಲ್ಲಿ ಸಿಕ್ಕರೆ ಸಿಕ್ಕಿತು. ಚಳಿಯಲ್ಲಿ ಅದರ ಕಸುವೂ ಇಳಿಯುತ್ತದೆ. ಒಳಗಿನ ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ, ಐಸೋಬ್ಯೂಟೇನ್ ಮೈನಸ್ 12ರ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತವೆ. ದ್ರವ ಇಂಧನದ ಸ್ಟವ್‌ಗೆ ಈ ತೊಂದರೆ ಇಲ್ಲ. ಅದರ ಒತ್ತಡ ಬರುವುದು ನಿಮ್ಮ ಕೈಯ ಪಂಪ್‌ನಿಂದ.

ಇದು ನಮಗೆ ಅಪರಿಚಿತವೇನೂ ಅಲ್ಲ. ಗ್ಯಾಸ್ ಸಿಲಿಂಡರ್ ಬರುವ ಮುಂಚೆ ನಮ್ಮ ಮನೆಗಳಲ್ಲಿ ಭರ್ರೋ ಅಂತ ಉರಿಯುತ್ತಿದ್ದ ಹಿತ್ತಾಳೆಯ ಪಂಪ್ ಸ್ಟವ್ ಇದರದ್ದೇ ಕುಲ. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ಮಾಡಿದ ಪ್ರೈಮಸ್ ಸ್ಟವ್‌ನಿಂದ ಎರಡೂ ಬಂದವು. ಅಮುಂಡ್ಸೆನ್ ದಕ್ಷಿಣ ಧ್ರುವಕ್ಕೆ ಒಯ್ದದ್ದು ಪ್ರೈಮಸ್. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಇದ್ದ ಎವರೆಸ್ಟ್ ತಂಡದಲ್ಲಿಯೂ ಅದೇ ಇತ್ತು. 1973ರಲ್ಲಿ ಅಮೆರಿಕದ ಎಂಎಸ್‌ಆರ್ ಕಂಪನಿಯ ಲ್ಯಾರಿ ಪೆನ್‌ಬರ್ತಿ ಎಣ್ಣೆಯ ಬಾಟಲಿಯನ್ನು ಬರ್ನರ್‌ನಿಂದ ದೂರ ಇಟ್ಟು ನಡುವೆ ಕೊಳವೆ ಹಾಕಿದರು. ಇವತ್ತಿನ ಚಾರಣದ ಸ್ಟವ್‌ಗಳೆಲ್ಲ ಹೆಚ್ಚುಕಡಿಮೆ ಆ ಮಾದರಿಯವೇ. ಮನೆಯಲ್ಲಿ ಪಂಪ್ ಸ್ಟವ್ ಹಚ್ಚಿ ಗೊತ್ತಿರುವ ಹಿರಿಯರು ಯಾರಾದರೂ ಇದ್ದರೆ, ಮೊದಲ ಪಾಠ ಅವರ ಹತ್ತಿರವೇ ಕಲಿಯಿರಿ.

ಒಂದೇ ಒಂದು ವಿಷಯ ಚೆನ್ನಾಗಿ ತಿಳಿದಿರಲಿ

ಈ ಸ್ಟವ್‌ನಲ್ಲಿ ಎಣ್ಣೆ ಉರಿಯುವುದಿಲ್ಲ, ಎಣ್ಣೆಯ ಆವಿ ಉರಿಯುತ್ತದೆ. ಬಾಟಲಿಯಿಂದ ಬಂದ ಎಣ್ಣೆ ಬರ್ನರ್‌ನ ಪಕ್ಕದಲ್ಲೋ ಮೇಲೋ ಹಾದುಹೋಗುವ ಲೋಹದ ಕೊಳವೆಯಲ್ಲಿ ಕಾದು ಆವಿಯಾಗಬೇಕು. ಆಮೇಲೆ ಜೆಟ್ ಎಂಬ ಪುಟ್ಟ ಬಿಡಿಭಾಗದ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿ, ಗಾಳಿಯ ಜೊತೆ ಬೆರೆತು ನೀಲಿಯಾಗಿ ಉರಿಯಬೇಕು. ಒಮ್ಮೆ ಹತ್ತಿಕೊಂಡರೆ ಆ ಉರಿಯೇ ಕೊಳವೆಯನ್ನು ಬಿಸಿಯಾಗಿ ಇಡುತ್ತದೆ. ಶುರುವಿನಲ್ಲಿ ಮಾತ್ರ ನಾವು ಹೊರಗಿನಿಂದ ಕಾಯಿಸಬೇಕು. ಹಳದಿ ಜ್ವಾಲೆ, ಮಸಿ, ಕಣ್ಣುರಿ, ಸೀಮೆಎಣ್ಣೆ ವಾಸನೆಯ ಚಹಾ, ಒಂದಡಿ ಎತ್ತರಕ್ಕೆ ಭಗ್ಗನೆ ಏಳುವ ಬೆಂಕಿ: ಇವುಗಳಲ್ಲಿ ಹೆಚ್ಚಿನವು ಬರ್ನರ್ ಸರಿಯಾಗಿ ಕಾಯದೆ ಇರುವಾಗ ಅವಸರದಲ್ಲಿ ವಾಲ್ವ್ ತೆರೆದಿದ್ದರಿಂದ ಆಗುವಂಥವು. ಮುಂದೆ ಬರುವುದೆಲ್ಲ ಈ ಮಾತಿನ ವಿಸ್ತಾರ ಅಂದುಕೊಳ್ಳಿ.

ಯಾವ ಎಣ್ಣೆ?

ಹೊರದೇಶದ ಪುಸ್ತಕ, ವಿಡಿಯೋಗಳಲ್ಲಿ ವೈಟ್ ಗ್ಯಾಸ್ ಬಳಸಿ ಅನ್ನುತ್ತಾರೆ. ಅದು ಚೆನ್ನಾಗಿ ಶುದ್ಧ ಮಾಡಿದ ನಾಫ್ತಾ, ಪೆಟ್ರೋಲಿನಂಥ ದ್ರವ. ಬೇಗ ಹತ್ತುತ್ತದೆ, ಮಸಿ ಕಡಿಮೆ. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ ಅಂಗಡಿಯಲ್ಲೇ ಸಿಗುತ್ತದೆ. ನಮ್ಮ ದೇಶದಲ್ಲಿ ಅದನ್ನು ನಂಬಿ ಹೊರಡುವಂತಿಲ್ಲ.

ನಮಗೆ ಸೀಮೆಎಣ್ಣೆಯೇ ಸರಿ. ಸುಮಾರು 38 ಡಿಗ್ರಿಗಿಂತ ಕೆಳಗೆ ಅದರ ಆವಿ ಕಿಡಿ ತಾಕಿದ ಕೂಡಲೇ ಹತ್ತಿಕೊಳ್ಳುವುದಿಲ್ಲ. ಪೆಟ್ರೋಲ್ ಆದರೆ ಮೈನಸ್ 40ರಲ್ಲೂ ಹತ್ತಿಕೊಳ್ಳುತ್ತದೆ. ಟೆಂಟ್ ಪಕ್ಕದಲ್ಲಿ ಇಟ್ಟುಕೊಂಡು ಬಾಟಲಿಗೆ ತುಂಬಿಸುವ ವಸ್ತುವಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಪಡಿತರದ ನೀಲಿ ಬಣ್ಣದ್ದಕ್ಕಿಂತ ಬಣ್ಣ ಬೆರೆಸದ ಬಿಳಿ ಸೀಮೆಎಣ್ಣೆ ಸಿಕ್ಕರೆ ಅದನ್ನೇ ಕೊಳ್ಳಿ.

ಪೆಟ್ರೋಲ್ ಕೊನೆಯ ದಾರಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಜೊತೆಗೆ ಎಂಜಿನ್‌ಗೆಂದು ಸೇರಿಸಿದ ಬೇರೆ ರಾಸಾಯನಿಕಗಳು. ಹೊಗೆ ಒಳ್ಳೆಯದಲ್ಲ, ಜೆಟ್ ಬೇಗ ಕಟ್ಟುತ್ತದೆ. ಡೀಸೆಲ್ ಉರಿಸುವ ಸ್ಟವ್‌ಗಳೂ ಇವೆ, ಆದರೆ ಮಸಿ ವಿಪರೀತ. ಲಡಾಖ್‌ನ ಚಳಿಗಾಲದಲ್ಲಿ ಮಾಮೂಲಿ ಡೀಸೆಲ್ ಗಟ್ಟಿಯಾಗಿಬಿಡುತ್ತದೆ. ಅದಕ್ಕೆಂದೇ 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33ರವರೆಗೂ ಹರಿಯುವ ಬೇರೆ ಡೀಸೆಲ್ ತಂದಿತು. ಚಾರಣಕ್ಕೆ ಇದನ್ನು ಮರೆತುಬಿಡಿ.

ಎಣ್ಣೆ ಬದಲಾದರೆ ಜೆಟ್ ಬದಲಾಗಬೇಕು. ಪ್ರೈಮಸ್ ಓಮ್ನಿಫ್ಯೂಯೆಲ್‌ನಲ್ಲಿ ಗ್ಯಾಸ್‌ಗೆ 45, ಪೆಟ್ರೋಲಿಗೆ 37, ಸೀಮೆಎಣ್ಣೆಗೆ 28 ಎಂದು ಜೆಟ್ ಮೇಲೇ ಕೆತ್ತಿರುತ್ತಾರೆ. ಎಂಎಸ್‌ಆರ್ ವಿಸ್ಪರ್‌ಲೈಟ್ ಇಂಟರ್‌ನ್ಯಾಷನಲ್‌ನಲ್ಲಿ ಸೀಮೆಎಣ್ಣೆಗೆ ಯುಕೆ ಎಂದು ಬರೆದ ಜೆಟ್. ಆಪ್ಟಿಮಸ್ ನೋವಾದಲ್ಲಿ ಎಲ್ಲಾ ಎಣ್ಣೆಗೂ ಒಂದೇ. ಪೆಟ್ರೋಲಿನ ದೊಡ್ಡ ತೂತಿನ ಜೆಟ್ ಹಾಕಿ ಸೀಮೆಎಣ್ಣೆ ಉರಿಸಿದರೆ ಎಷ್ಟು ಕಾಯಿಸಿದರೂ ಜ್ವಾಲೆ ಹಳದಿಯಾಗೇ ಇರುತ್ತದೆ. ಊರು ಬಿಡುವ ಮುಂಚೆ ಸರಿಯಾದ ಜೆಟ್ ಹಾಕಿಕೊಂಡು ಹೊರಡಿ.

ಎಷ್ಟು ಬೇಕು? ಹರಿಯುವ ನೀರು ಸಿಗುವ ಕಡೆ, ನಮ್ಮ ಥರ ಎರಡು ಹೊತ್ತು ಬೇಯಿಸಿ ತಿನ್ನುವವರಿಗೆ ತಲೆಗೆ ದಿನಕ್ಕೆ 150 ಮಿಲಿ ಲೆಕ್ಕ ಹಾಕಿ. ಇಬ್ಬರಿಗೆ ಆರು ದಿನಕ್ಕೆ 1.8 ಲೀಟರ್, ಎರಡು ಲೀಟರ್ ಒಯ್ದರೆ ನೆಮ್ಮದಿ. ಹಿಮ ಕರಗಿಸಿಯೇ ನೀರು ಮಾಡಿಕೊಳ್ಳಬೇಕಾದರೆ ತಲೆಗೆ 250 ಮಿಲಿ ಬೇಕು.

ಒಯ್ಯುವ ವಿಚಾರ

ರೈಲಿನಲ್ಲಿ ಸೀಮೆಎಣ್ಣೆ, ಪೆಟ್ರೋಲ್ ಒಯ್ಯುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲಾಗಬಹುದು. ವಿಮಾನದಲ್ಲಂತೂ ಎಣ್ಣೆಯ ಮಾತೇ ಇಲ್ಲ. ಒಮ್ಮೆ ಉರಿಸಿದ ಸ್ಟವ್ ಮತ್ತು ಬಾಟಲಿಯನ್ನು ಎಣ್ಣೆಯ ವಾಸನೆಯೂ ಇಲ್ಲದಂತೆ ತೊಳೆದಿದ್ದರೂ ಕೆಲವು ವಿಮಾನ ಕಂಪನಿಗಳು ಒಪ್ಪುವುದಿಲ್ಲ. ಟಿಕೆಟ್ ಮಾಡುವ ಮುಂಚೆ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಎಣ್ಣೆಯನ್ನು ಲೇಹ್‌ನಲ್ಲೋ ಮನಾಲಿಯಲ್ಲೋ ಕೊಳ್ಳಬೇಕು. ಅದಕ್ಕೆ ಒಂದು ದಿನ ಬಿಟ್ಟುಕೊಳ್ಳಿ. ಲೇಹ್ 3,500 ಮೀಟರ್ ಎತ್ತರದಲ್ಲಿದೆ, ಮೈ ಒಗ್ಗಲು ಹೇಗೂ ಎರಡು ಮೂರು ದಿನ ಅಲ್ಲೇ ಇರಬೇಕಲ್ವಾ.

ಕೊಂಡ ಎಣ್ಣೆಯನ್ನು ನೇರವಾಗಿ ಬಾಟಲಿಗೆ ಸುರಿಯಬೇಡಿ. ಬಿಡಿಯಾಗಿ ಮಾರುವ ಸೀಮೆಎಣ್ಣೆಯಲ್ಲಿ ತುಕ್ಕಿನ ಪುಡಿ, ದೂಳು, ಕೆಲವು ಸಲ ನೀರೂ ಇರುತ್ತದೆ. ಕ್ಯಾನನ್ನು ರಾತ್ರಿಯಿಡೀ ಅಲುಗಾಡಿಸದೆ ಇಡಿ. ನೀರು ಎಣ್ಣೆಗಿಂತ ಭಾರ, ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ಬ್ಯಾಟರಿ ಹಿಡಿದು ನೋಡಿದರೆ ತಳದಲ್ಲಿ ಪುಟ್ಟ ಗುಂಡುಗಳಂತೆ ಉರುಳಾಡುವುದು ಕಾಣುತ್ತದೆ. ಮೇಲಿನ ಎಣ್ಣೆಯನ್ನು ಎರಡು ಮಡಿಕೆ ತೆಳು ಹತ್ತಿ ಬಟ್ಟೆಯಲ್ಲಿ ಸೋಸಿಕೊಂಡು, ತಳದ ಒಂದು ಬೆರಳಿನಷ್ಟನ್ನು ಬಿಟ್ಟುಬಿಡಿ. ಈ ಅರ್ಧ ಗಂಟೆಯ ಕೆಲಸ ಬೆಟ್ಟದ ಮೇಲೆ ಜೆಟ್ ಕಟ್ಟಿಕೊಳ್ಳುವ ಎಷ್ಟೋ ತಾಪತ್ರಯ ಉಳಿಸುತ್ತದೆ.

ಬಾಟಲಿ ಸ್ಟವ್ ಕಂಪನಿಯದ್ದೇ ಆಗಿರಲಿ. ನೀರಿನ ಅಲ್ಯೂಮಿನಿಯಂ ಬಾಟಲಿ ನೋಡಲು ಹಾಗೇ ಇದ್ದರೂ ಒತ್ತಡ ತಡೆಯುವುದಿಲ್ಲ. ಬಾಟಲಿಯ ಮೇಲಿನ ಗೆರೆಗಿಂತ ಮೇಲೆ ತುಂಬಿಸಬೇಡಿ. ಮೇಲಿನ ಖಾಲಿ ಜಾಗದಲ್ಲೇ ಗಾಳಿ ಒತ್ತಿಕೊಂಡು ಕೂರುವುದು.

ಹಚ್ಚುವುದು

ಮೊದಲ ಸಲ ಬೆಟ್ಟದಲ್ಲಿ ಹಚ್ಚಬೇಡಿ. ಮನೆಯ ಟೆರೇಸ್‌ನಲ್ಲೋ ಅಂಗಳದಲ್ಲೋ, ಬಟ್ಟೆ ಒಣಹಾಕಿರದ ಕಡೆ, ಪಕ್ಕದಲ್ಲಿ ಒಂದು ಬಕೆಟ್ ಮರಳೋ ದಪ್ಪ ಒದ್ದೆ ಗೋಣಿಯೋ ಇಟ್ಟುಕೊಂಡು ಕಲಿಯಿರಿ. ಎಣ್ಣೆಯ ಬೆಂಕಿಗೆ ನೀರು ಎರಚಬಾರದು, ಹರಡುತ್ತದೆ. ಕೈ ಅಭ್ಯಾಸವಾದ ಮೇಲೆ ಒಮ್ಮೆ ಕತ್ತಲಲ್ಲಿ, ಕೈಗವಸು ಹಾಕಿಕೊಂಡು ಹಚ್ಚಿ ನೋಡಿ. ಬೆಟ್ಟದಲ್ಲಿ ಅದೇ ಸ್ಥಿತಿ ಇರುತ್ತದೆ. ಅಂದಹಾಗೆ, ಕರ್ನಾಟಕದ ಕಾಡುಗಳಲ್ಲಿ ಬೆಂಕಿ ಹಚ್ಚಲು ಅರಣ್ಯ ಇಲಾಖೆ ಬಿಡುವುದಿಲ್ಲ. ಅಭ್ಯಾಸಕ್ಕೆ ಅಂತ ಸ್ಟವ್ ಹೊತ್ತು ಘಟ್ಟಕ್ಕೆ ಹೋಗಬೇಡಿ.

ಜಾಗ ಸಮತಟ್ಟಾಗಿರಲಿ, ಟೆಂಟ್‌ನಿಂದ ಹೊರಗಿರಲಿ. ಒಣಹುಲ್ಲು ಇದ್ದರೆ ಸರಿಸಿ, ಚಪ್ಪಟೆ ಕಲ್ಲಿನ ಮೇಲೆ ಇಡಿ. ಸ್ಟವ್‌ನ ಕಾಲುಗಳನ್ನು ಪೂರ್ತಿ ಬಿಡಿಸಿ. ಕೊಳವೆಯ ತುದಿಗೆ ಒಂದು ತೊಟ್ಟು ಎಣ್ಣೆಯೋ ಎಂಜಲೋ ಸವರಿ ಪಂಪ್‌ಗೆ ಸಿಕ್ಕಿಸಿದರೆ ರಬ್ಬರ್ ರಿಂಗ್ ಹರಿಯುವುದಿಲ್ಲ. ಬಾಟಲಿ ಬರ್ನರ್‌ನಿಂದ ಕೊಳವೆ ಎಟುಕುವಷ್ಟು ದೂರಕ್ಕೆ ಇರಲಿ.

ಪಂಪ್ ಹೊಡೆಯಿರಿ. ತುಂಬಿದ ಬಾಟಲಿಗೆ 20ರ ಆಸುಪಾಸು ಸಾಕು. ಬಾಟಲಿ ಅರ್ಧ ಖಾಲಿಯಾಗಿದ್ದರೆ ಒಳಗೆ ಗಾಳಿಯ ಜಾಗ ಜಾಸ್ತಿ, ಹಾಗಾಗಿ ಹೆಚ್ಚು ಹೊಡೆಯಬೇಕು. ಲೆಕ್ಕಕ್ಕಿಂತ ಹೆಬ್ಬೆರಳಿನ ಮಾತು ಕೇಳಿ. ಒತ್ತುವಾಗ ಬಿಗಿಯಾಯಿತು ಅನ್ನಿಸಿದರೆ ನಿಲ್ಲಿಸಿ. ಈಗ ಹಚ್ಚುವ ಮುಂಚೆ ಪ್ರತಿ ಜೋಡಣೆಯನ್ನೂ ಕಣ್ಣಿಟ್ಟು ನೋಡಿ, ಬೆರಳಲ್ಲಿ ಸವರಿ. ಎಲ್ಲಿ ಜಿನುಗಿದರೂ ಅವತ್ತು ಆ ಸ್ಟವ್ ಹಚ್ಚಬಾರದು, ರಿಪೇರಿ ಆಗುವವರೆಗೆ.

ಮುಂದಿನದು ಕಾಯಿಸುವ ಹಂತ. ಇದಕ್ಕೆ ಎರಡು ದಾರಿ ಇವೆ. ಒಂದು, ವಾಲ್ವ್ ಸ್ವಲ್ಪ ತೆರೆದು ಅರ್ಧ ಟೀ ಚಮಚದಷ್ಟು ಎಣ್ಣೆ ಬರ್ನರ್ ಕೆಳಗಿನ ಬಟ್ಟಲಿಗೆ ಇಳಿಯಲು ಬಿಟ್ಟು, ವಾಲ್ವ್ ಮುಚ್ಚಿ, ಕಡ್ಡಿ ಗೀರುವುದು. ಪೆಟ್ರೋಲ್, ವೈಟ್ ಗ್ಯಾಸ್‌ಗೆ ಇದು ನಡೆಯುತ್ತದೆ. ಸೀಮೆಎಣ್ಣೆ ಹೀಗೆ ತಣ್ಣಗಿರುವಾಗ ಸುಲಭಕ್ಕೆ ಹತ್ತುವುದಿಲ್ಲ, ಹತ್ತಿದರೂ ಪಾತ್ರೆ, ಕೈ, ಮುಖ ಎಲ್ಲ ಮಸಿ. ಎರಡನೆಯ ದಾರಿಯೇ ನನಗೆ ಮೆಚ್ಚು: ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್. ಬೆಟ್ಟಕ್ಕೆ ಹೋಗುವಾಗ ಮುಚ್ಚಳ ಭದ್ರವಾಗಿರುವ ಪುಟ್ಟ ಬಾಟಲಿಯಲ್ಲಿ 200 ಮಿಲಿ ಇಟ್ಟುಕೊಳ್ಳಿ. ಒಂದೆರಡು ಟೀ ಚಮಚ ಸ್ಪಿರಿಟನ್ನು ಬಟ್ಟಲಿಗೆ ಹಾಕಿ, ಸ್ಪಿರಿಟ್ ಬಾಟಲಿ ಮುಚ್ಚಿ ದೂರ ಇಟ್ಟು, ಆಮೇಲೆ ಕಡ್ಡಿ ಗೀರಿ. ಹೊಗೆ ಇಲ್ಲ, ಮಸಿ ಇಲ್ಲ.

ಇಲ್ಲಿ ಒಂದು ಅಪಾಯ ಇದೆ, ದಯವಿಟ್ಟು ಗಮನಿಸಿ. ಸ್ಪಿರಿಟ್‌ನ ಜ್ವಾಲೆ ಬಿಸಿಲಲ್ಲಿ ಕಾಣುವುದೇ ಇಲ್ಲ. ಆರಿಹೋಯಿತು ಅಂದುಕೊಂಡು ಮತ್ತೆ ಸ್ಪಿರಿಟ್ ಸುರಿದರೆ ಬೆಂಕಿ ಧಾರೆಯನ್ನೇ ಹಿಡಿದು ಕೈಯಲ್ಲಿನ ಬಾಟಲಿಗೆ ಬರುತ್ತದೆ. ಅಂಗೈಯನ್ನು ಮೇಲಿನಿಂದ ಹಿಡಿದು ಶಾಖ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಬಟ್ಟಲು ತಣ್ಣಗಾಗುವವರೆಗೆ ಕಾಯಿರಿ. ಆಮೇಲೆ ಮಾತ್ರ ಹಾಕಿ.

ಸ್ಪಿರಿಟ್ ಉರಿದು ಮುಗಿಯಲು ಎರಡು ನಿಮಿಷದ ಹತ್ತಿರ ಹಿಡಿಯುತ್ತದೆ. ಕಾಯಿರಿ. ಜ್ವಾಲೆ ಕುಗ್ಗಿ ಬಟ್ಟಲಿನ ಅಂಚಿನಲ್ಲಿ ಕುಣಿಯುತ್ತಾ ಇನ್ನೇನು ಆರಬೇಕು ಅನ್ನುವ ಹೊತ್ತಿಗೆ ವಾಲ್ವನ್ನು ಕೂದಲೆಳೆಯಷ್ಟು ತೆರೆಯಿರಿ. ಕೊಳವೆ ಸರಿಯಾಗಿ ಕಾದಿದ್ದರೆ ಒಂದು ಸಣ್ಣ ಸುಯ್ ಸದ್ದು ಬಂದು ನೀಲಿ ಜ್ವಾಲೆ ಹಿಡಿಯುತ್ತದೆ. ಮೊದಲ ಒಂದು ನಿಮಿಷ ಸಣ್ಣ ಉರಿಯಲ್ಲೇ ಇಡಿ. ಸದ್ದು ಒಂದೇ ಸಮ ಆದಮೇಲೆ ನಿಧಾನಕ್ಕೆ ಜಾಸ್ತಿ ಮಾಡಿ. ಹಳದಿ ಜ್ವಾಲೆ ಉಗುಳುತ್ತಾ ಮೇಲೆದ್ದರೆ ಗಾಬರಿ ಬೇಡ: ವಾಲ್ವ್ ಮುಚ್ಚಿ, ಬಟ್ಟಲಲ್ಲಿ ಇಳಿದ ಎಣ್ಣೆ ಉರಿಯಲು ಬಿಡಿ. ಆ ಬೆಂಕಿಯೇ ಬರ್ನರನ್ನು ಇನ್ನಷ್ಟು ಕಾಯಿಸುತ್ತದೆ. ಅದು ಕುಗ್ಗಿದಾಗ ಮತ್ತೆ ತೆರೆಯಿರಿ. ಗಾಳಿಗೆ ಪೂರ್ತಿ ಆರಿಹೋದರೆ ಮಾತ್ರ ವಾಲ್ವ್ ಮುಚ್ಚಿ, ಐದು ನಿಮಿಷ ಬಿಟ್ಟು, ಮೊದಲಿನಿಂದ ಶುರು ಮಾಡಿ. ಬಿಸಿ ಬರ್ನರ್‌ನಿಂದ ಬಿಳಿ ಹೊಗೆ ಏಳುತ್ತಿರುವಾಗ ಬಗ್ಗಿ ನೋಡುತ್ತಾ ಕಡ್ಡಿ ಗೀರುವುದರಷ್ಟು ಅಪಾಯ ಇನ್ನೊಂದಿಲ್ಲ.

ಹತ್ತಿಕೊಂಡ ಮೇಲೆ ಸುತ್ತ ಗಾಳಿತಡೆ ನಿಲ್ಲಿಸಿ. ಅಲ್ಯೂಮಿನಿಯಂ ತಗಡಿನದು ಸ್ಟವ್ ಜೊತೆಗೇ ಬರುತ್ತದೆ. ಪಾತ್ರೆಗೂ ಅದಕ್ಕೂ ಎರಡು ಬೆರಳು ಸಂದು ಇರಲಿ. ಬಾಟಲಿ ಖಂಡಿತ ಗಾಳಿತಡೆಯ ಹೊರಗಿರಬೇಕು. ನಡುನಡುವೆ ಮುಟ್ಟಿ ನೋಡಿ. ಬಾಟಲಿ ಬೆಚ್ಚಗಾಗಿದೆ ಅನ್ನಿಸಿದರೆ ಸ್ಟವ್ ಆರಿಸಿ.

ಟೆಂಟ್ ಒಳಗೆ ಹಚ್ಚುವ ಮಾತು. ಹೊರಗೆ ಹಿಮ ಬೀಳುತ್ತಿರುವಾಗ ಆಸೆ ಆಗುತ್ತದೆ. ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕೊಡುವ ತಲೆನೋವು, ವಾಕರಿಕೆ ಎತ್ತರದ ಕಾಯಿಲೆಯ ಲಕ್ಷಣದ ಥರವೇ ಇರುವುದರಿಂದ ಬೆಟ್ಟದಲ್ಲಿ ಯಾರಿಗೂ ಅನುಮಾನವೇ ಬರುವುದಿಲ್ಲ. ಅಂಥ ರಾತ್ರಿಗೆಂದು ಬೇಯಿಸದೇ ತಿನ್ನುವ ಹುರಿಹಿಟ್ಟು, ಚಿಕ್ಕಿ, ಒಣಹಣ್ಣು ಒಂದು ಹೊತ್ತಿನದು ಬೇರೆ ಕಟ್ಟಿಟ್ಟಿರಿ.

ಬೇಯಿಸುವುದು

ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, 4,500 ಮೀಟರಿನಲ್ಲಿ 85ಕ್ಕೆ. ಎಷ್ಟೇ ಜೋರಾಗಿ ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಅನ್ನ ಹೊರಗೆ ಮುದ್ದೆ, ಒಳಗೆ ನುಚ್ಚು. ತೊಗರಿಬೇಳೆಯಂತೂ ಗಂಟೆಗಟ್ಟಲೆ ಕುದಿದರೂ ಹಾಗೇ. ಹಾಗಾಗಿ ಪುಟ್ಟ ಪ್ರೆಷರ್ ಕುಕ್ಕರ್ ಭಾರವಾದರೂ ಹೊರಲು ಯೋಗ್ಯ. ಕುಕ್ಕರ್‌ನ ವೆಯ್ಟ್ ಹೊರಗಿನ ಒತ್ತಡದ ಮೇಲೆ ತನ್ನದನ್ನು ಸೇರಿಸುವುದರಿಂದ ಆ ಎತ್ತರದಲ್ಲೂ ಒಳಗೆ 110 ಡಿಗ್ರಿ ದಾಟುತ್ತದೆ. ಊರಲ್ಲಿ ಮೂರು ಕೂಗಿಗೆ ಬೇಯುವುದಕ್ಕೆ ಅಲ್ಲಿ ಒಂದೆರಡು ಕೂಗು ಹೆಚ್ಚು ಕೊಡಿ. ಹೆಸರುಬೇಳೆ ಒಯ್ಯಿರಿ, ಅಕ್ಕಿ ಜೊತೆ ಹಾಕಿ ಪೊಂಗಲ್ ಮಾಡಿದರೆ ಒಂದೇ ಪಾತ್ರೆ, ಒಂದೇ ಉರಿ. ಮೆಣಸು, ಜೀರಿಗೆ, ಇಂಗು ಹಾಕಿದ ಒಗ್ಗರಣೆಯನ್ನು ಮನೆಯಲ್ಲೇ ತುಪ್ಪದಲ್ಲಿ ಮಾಡಿ ಡಬ್ಬಿಗೆ ತುಂಬಿಕೊಂಡರೆ ಚಳಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಚಮಚದಲ್ಲಿ ಕೆತ್ತಿ ಹಾಕಬಹುದು. ಕುಕ್ಕರ್ ಬೇಡ ಅನ್ನುವವರಿಗೆ ಹುರಿದ ರವೆ, ಶಾವಿಗೆ, ಗೊಜ್ಜವಲಕ್ಕಿ ಇವೆ. ಕುದಿಯುವ ನೀರು ಹಾಕಿ ಮುಚ್ಚಿ, ಜಾಕೆಟ್‌ನಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟರೆ ಎಣ್ಣೆಯೂ ಉಳಿಯುತ್ತದೆ.

ಕುಕ್ಕರ್ ಇಡುವಾಗ ಸ್ಟವ್‌ನ ಕಾಲು ಅಗಲವಾಗಿವೆಯೇ ನೋಡಿ. ಮೂರು ಲೀಟರ್‌ಗಿಂತ ದೊಡ್ಡದು ಬೇಡ, ಹಿಡಿ ಭಾರಕ್ಕೇ ವಾಲುತ್ತದೆ.

ಸಣ್ಣ ಉರಿ ಈ ಸ್ಟವ್‌ಗಳ ದೌರ್ಬಲ್ಯ. ಎಂಎಸ್‌ಆರ್ ಡ್ರ್ಯಾಗನ್‌ಫ್ಲೈನಂಥ ಕೆಲವಕ್ಕೆ ಬರ್ನರ್ ಪಕ್ಕದಲ್ಲಿ ಬೇರೆ ವಾಲ್ವ್ ಇರುತ್ತದೆ, ಸದ್ದು ಮಾತ್ರ ಕಿವಿ ಗಡಚಿಕ್ಕುತ್ತದೆ. ಬೇರೆ ಸ್ಟವ್‌ಗಳಲ್ಲಿ ಬಾಟಲಿ ಅರ್ಧದಷ್ಟು ಮಾತ್ರ ತುಂಬಿಸಿ, ಕಡಿಮೆ ಪಂಪ್ ಹೊಡೆದರೆ ಉರಿ ತಗ್ಗುತ್ತದೆ.

ಹಿಮ ಕರಗಿಸುವಾಗ ಪಾತ್ರೆಯ ತಳದಲ್ಲಿ ಮೊದಲು ಒಂದು ಲೋಟ ನೀರು ಹಾಕಿ, ಅದು ಬಿಸಿಯಾದ ಮೇಲೆ ಹಿಮ ಸೇರಿಸುತ್ತಾ ಹೋಗಿ. ಒಣ ಹಿಮ ಮಾತ್ರ ತುಂಬಿದರೆ ತಳ ಸೀದು ನೀರಿಗೆ ಸುಟ್ಟ ರುಚಿ ಬರುತ್ತದೆ. ಒಂದು ಕಿಲೋ ಮಂಜುಗಡ್ಡೆ ಬರೀ ಕರಗಲು ತಿನ್ನುವ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಎಣ್ಣೆ ಯಾಕೆ ಅಷ್ಟು ಹೆಚ್ಚು ಖರ್ಚಾಗುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತದೆ. ಸ್ಟವ್ ಕೆಳಗೆ ಪ್ಲೈವುಡ್ ತುಂಡು ಇಡದಿದ್ದರೆ ಹಿಮ ಕರಗಿ ಸ್ಟವ್ ವಾಲುತ್ತದೆ.

ಆರಿಸುವುದು, ಕೆಟ್ಟರೆ ಸರಿಮಾಡುವುದು

ವಾಲ್ವ್ ಮುಚ್ಚಿದ ಮೇಲೂ ಕೊಳವೆಯಲ್ಲಿ ಉಳಿದ ಎಣ್ಣೆ ಸ್ವಲ್ಪ ಹೊತ್ತು ಉರಿಯುತ್ತದೆ. ನೋವಾ, ಓಮ್ನಿಫ್ಯೂಯೆಲ್‌ನಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ಆರಿಸಬೇಕಾದಾಗ ವಾಲ್ವ್ ಮುಚ್ಚುವ ಬದಲು ಬಾಟಲಿಯನ್ನು ಮಗುಚಿ ಮಲಗಿಸಬೇಕು. ಒಳಗಿನ ನಳಿಕೆ ಎಣ್ಣೆಯಿಂದ ಮೇಲೆ ಬಂದು ಬರೀ ಗಾಳಿ ಹೋಗುತ್ತದೆ, ಕೊಳವೆಯ ಎಣ್ಣೆ ಪೂರ್ತಿ ಉರಿದು ಸ್ಟವ್ ತಾನೇ ಆರುತ್ತದೆ, ಒತ್ತಡವೂ ಇಳಿಯುತ್ತದೆ. ಮಡಚುವಾಗ ಬ್ಯಾಗಿಗೆ ಎಣ್ಣೆ ಸೋರುವುದಿಲ್ಲ. ಬೇರೆ ಸ್ಟವ್ ಆದರೆ ಪೂರ್ತಿ ತಣ್ಣಗಾದ ಮೇಲೆ, ಬೆಂಕಿ ಇಲ್ಲದ ಕಡೆ, ಬಾಟಲಿ ನೆಟ್ಟಗೆ ಹಿಡಿದು ಮುಚ್ಚಳ ನಿಧಾನ ಸಡಿಲಿಸಿ ಗಾಳಿ ಬಿಡಿ. ಬಿಸಿ ಸ್ಟವ್‌ಗೆ ಎಣ್ಣೆ ತುಂಬಿಸುವುದಂತೂ ಯಾವತ್ತೂ ಬೇಡ.

ಉರಿ ದುರ್ಬಲವಾಗಿ ಆಗಾಗ ತುಂಡಾಗುತ್ತಿದ್ದರೆ ಜೆಟ್ ಕಟ್ಟಿದೆ. ವಿಸ್ಪರ್‌ಲೈಟ್ ಆದರೆ ತಣ್ಣಗಾದ ಮೇಲೆ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ, ಒಳಗಿನ ಸೂಜಿ ತೂತನ್ನು ಬಿಡಿಸುತ್ತದೆ. ನೋವಾಗೆ ಆಯಸ್ಕಾಂತ ಕೊಡುತ್ತಾರೆ, ಬರ್ನರ್ ಕೆಳಗೆ ಆಡಿಸಿದರೆ ಸೂಜಿ ಏಳುತ್ತದೆ. ಹಳೆಯ ಪಂಪ್ ಸ್ಟವ್‌ಗೆ ಪಿನ್ ಹಾಕುತ್ತಿದ್ದ ಕೆಲಸವೇ ಇದು. ಅದಕ್ಕೂ ಸರಿಹೋಗದಿದ್ದರೆ ಜೆಟ್ ಬಿಚ್ಚಿ, ಕೊಳವೆಯೊಳಗಿನ ತಂತಿಯನ್ನು ಹೊರಗೆಳೆದು ಕರಿ ಒರೆಸಿ, ಹಲವು ಸಲ ಹಿಂದೆ ಮುಂದೆ ಎಳೆದು, ಸ್ವಲ್ಪ ಎಣ್ಣೆ ಹರಿಸಿ ತೊಳೆಯಿರಿ. ಸೀಮೆಎಣ್ಣೆಗೆ ಇದು ವಾರಕ್ಕೊಮ್ಮೆ ಬೇಕಾಗಬಹುದು.

ಪಂಪ್ ಸರಾಗವಾಗಿ ಒಳಗೆ ಹೋಗುತ್ತಿದೆ, ಬಿಗಿಯೇ ಬರುತ್ತಿಲ್ಲ ಅಂದರೆ ಒಳಗಿನ ವಾಷರ್ ಒಣಗಿದೆ. ಚಳಿಯಲ್ಲಿ ಇದು ಮಾಮೂಲು. ದಂಡ ಹೊರತೆಗೆದು, ವಾಷರ್‌ಗೆ ಒಂದು ತೊಟ್ಟು ಎಣ್ಣೆ ಹಚ್ಚಿ ಬೆರಳಲ್ಲಿ ಮೆತ್ತಗೆ ಅಗಲಿಸಿ ಮತ್ತೆ ತೂರಿಸಿ. ಏನೂ ಇಲ್ಲದಿದ್ದರೆ ಅಡುಗೆ ಎಣ್ಣೆಯೂ ಆದೀತು. ಒಂದು ಬಿಡಿ ವಾಷರ್, ಎರಡು ರಬ್ಬರ್ ರಿಂಗ್, ಒಂದು ಜೆಟ್, ಕಂಪನಿಯವರು ಕೊಟ್ಟ ಪುಟ್ಟ ಸ್ಪ್ಯಾನರ್ ಇಷ್ಟನ್ನು ಪುಟ್ಟ ಚೀಲದಲ್ಲಿ ಬಾಟಲಿಗೇ ಕಟ್ಟಿಬಿಡಿ. ಹತ್ತು ಗ್ರಾಮ್ ಭಾರ ಉಳಿಸಲು ಇವನ್ನು ಬಿಟ್ಟು ಹೋಗಬೇಡಿ.

ಚಾರಣ ಮುಗಿದ ಮೇಲೆ ಉಳಿದ ಸೀಮೆಎಣ್ಣೆಯನ್ನು ನೆಲಕ್ಕೂ ಹೊಳೆಗೂ ಚೆಲ್ಲಬೇಡಿ. ಕೊನೆಯ ಹಳ್ಳಿಯ ಚಹಾ ಅಂಗಡಿಯಲ್ಲಿ ಕೇಳಿದರೆ ತೆಗೆದುಕೊಳ್ಳುತ್ತಾರೆ. ಬಾಟಲಿಯನ್ನು ಸೋಪಿನ ಬಿಸಿನೀರಲ್ಲಿ ಎರಡು ಮೂರು ಸಲ ಕುಲುಕಿ ತೊಳೆದು, ಮುಚ್ಚಳ ತೆಗೆದು ಒಂದು ಇಡೀ ದಿನ ಬಿಸಿಲಿಗೆ ಇಡಿ. ಪಂಪ್ ಬೇರೆ, ಬರ್ನರ್ ಬೇರೆ ಒಣಗಿಸಿ, ಹಳೆ ಪತ್ರಿಕೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ವಿಮಾನ ಕಂಪನಿ ಒಪ್ಪದಿದ್ದರೆ ಸರಕು ಸಾಗಣೆಯವರ ಮೂಲಕ ರಸ್ತೆಯಲ್ಲಿ ಕಳಿಸುವುದು ಉತ್ತಮ. ಒಳಗೇನಿದೆ ಅಂತ ಅವರಿಗೂ ಮುಚ್ಚಿಡದೆ ಹೇಳಿ.